ಥರ್ಮೋಸ್ಟಾಟ್ ಗೋಡೆಯ ಮೇಲೆ, ನಾಯಿ ನೆಲದ ಮೇಲೆ

ಪ್ರಶ್ನೆ: ಡಾಕ್ಟ್ರೇ, ನಾವು ಕೊಲೊರಾಡೊದ ಅರೋರಾದಲ್ಲಿದ್ದೇವೆ. ಹೋದ ವರ್ಷ ಟ್ರಕ್ಕಿನ ಹಿಂದೆ ಎಳೆದೊಯ್ಯುವ ಚಕ್ರದ ಮನೆ, 24 ಅಡಿಯ ಹಳೆಯ ಟ್ರಾವೆಲ್ ಟ್ರೇಲರ್ ಒಂದನ್ನು ಕೊಂಡೆವು. ಡಿಸೆಂಬರ್ ಕೊನೆಯ ವಾರ ಯೂಟಾದ ಮೋಅಬ್‌ನಲ್ಲಿ ಮೂರು ರಾತ್ರಿ, ವಾಪಸ್ ಬರುವಾಗ ಅಲಮೋಸಾ ಹತ್ತಿರ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ಮರಳು ದಿಬ್ಬ ನೋಡಿಕೊಂಡು ಎರಡು ರಾತ್ರಿ ಅಂತ ಯೋಚನೆ. ನಮ್ಮ ಜೊತೆ ಎಂಟು ವರ್ಷದ ಗ್ರೇಹೌಂಡ್ ಇದ್ದಾಳೆ. ರೇಸ್‌ನಿಂದ ನಿವೃತ್ತಿಯಾದ ಮೇಲೆ ದತ್ತು ತಂದಿದ್ದು. ಅವಳ ಹೆಸರು ಬೆಲ್ಲಾ ಅಂತಿತ್ತು, ನಮ್ಮ ಬಾಯಲ್ಲಿ ಬೆಲ್ಲ ಆಗಿದ್ದಾಳೆ. ಅಕ್ಟೋಬರ್‌ನಲ್ಲಿ ಒಂದು ಸಲ ಟ್ರೇಲರ್‌ನಲ್ಲಿ ಮಲಗಿದಾಗ ಥರ್ಮೋಸ್ಟಾಟ್ 66 ಫ್ಯಾರನ್‌ಹೀಟ್ ತೋರಿಸುತ್ತಿದ್ದರೂ ಬೆಳಗಿನ ಜಾವ ನಡುಗುತ್ತಿದ್ದಳು. ಫರ್ನೇಸ್ ಜಾಸ್ತಿ ಮಾಡಬೇಕಾ? ಸಣ್ಣ ಹೀಟರ್ ತರಬೇಕಾ? ಊರಿಂದ ಬಂದಿರುವ ಅತ್ತೆ, "ಒಂದು ಕಂಬಳಿ ಹೊದಿಸಿ ಬಿಡು, ಸಾಕು" ಅಂತಾರೆ. ನಾವು ಮೋಅಬ್ ಪಕ್ಕದ ಆರ್ಚಸ್ ರಾಷ್ಟ್ರೀಯ ಉದ್ಯಾನ ನೋಡಲು ಹೋದಾಗ ಅವಳನ್ನು ಟ್ರೇಲರ್‌ನಲ್ಲೇ ಬಿಟ್ಟು ಹೋಗಬಹುದಾ? ಸ್ನೇಹಿತರ ಬೆಕ್ಕೂ ನಮ್ಮ ಜೊತೆ ಬರುವ ಹಾಗಿದೆ.

ಉತ್ತರ: ನಿಮ್ಮ ಅತ್ತೆ ಹೇಳಿದ್ದು ಮುಕ್ಕಾಲು ಪಾಲು ಸರಿ. ಕಂಬಳಿ ಬೇಕು. ಆದರೆ ಹೊದಿಸುವುದಕ್ಕಲ್ಲ, ಹಾಸುವುದಕ್ಕೆ.

ನೀವೇ ಬರೆದಿದ್ದೀರಲ್ಲ, ಥರ್ಮೋಸ್ಟಾಟ್ 66 ಇತ್ತು, ಬೆಲ್ಲ ನಡುಗುತ್ತಿದ್ದಳು ಅಂತ. ಎರಡೂ ನಿಜ. ಥರ್ಮೋಸ್ಟಾಟ್ ಇರುವುದು ಗೋಡೆಯ ಮೇಲೆ, ನಿಮ್ಮ ಎದೆಯ ಎತ್ತರದಲ್ಲಿ. ಬೆಲ್ಲ ಮಲಗುವುದು ನೆಲದ ಮೇಲೆ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ತಣ್ಣನೆಯದು ಕೆಳಗೆ ಕೂರುತ್ತದೆ. ಮನೆಯಲ್ಲಾದರೆ ನೆಲದ ಕೆಳಗೆ ಬೇಸ್‌ಮೆಂಟ್ ಇರುತ್ತದೆ, ಇಲ್ಲಾ ಮಣ್ಣಿರುತ್ತದೆ. ಟ್ರೇಲರ್‌ನ ನೆಲದ ಕೆಳಗೆ ಇರುವುದು ಬರೀ ಗಾಳಿ, ಅದೂ ರಾತ್ರಿಯಿಡೀ ಬೀಸುವ ಗಾಳಿ.

ನನಗೆ ಇದು ಗೊತ್ತಾಗಿದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ನಾವೂ ಅಲಮೋಸಾ ಕಡೆ ಹೋಗಿದ್ದೆವು. ನಮ್ಮ ಮುದಿ ಬೀಗಲ್ ಇಡೀ ರಾತ್ರಿ ಮೂರು ಸಲ ಎದ್ದು, ಸುತ್ತು ಹಾಕಿ, ಮತ್ತೆ ಮಲಗಿತು. ವಯಸ್ಸಾಯಿತು, ಮಂಡಿ ನೋವಿರಬೇಕು ಅಂದುಕೊಂಡೆ. ಪಶುವೈದ್ಯೆಯ ತಲೆ ನೋಡಿ, ಮೊದಲು ರೋಗವೇ ನೆನಪಾಗುತ್ತದೆ. ಬೆಳಗ್ಗೆ ಕಾಫಿಗೆ ನೀರಿಡುವಾಗ ಬರಿಗಾಲಲ್ಲಿ ನೆಲ ತುಳಿದೆ. ಜೀವ ಹೋದ ಹಾಗಾಯಿತು. ಅಡುಗೆಮನೆಯ ಥರ್ಮಾಮೀಟರನ್ನು ಅದರ ಹಾಸಿಗೆಯ ಪಕ್ಕ ಇಟ್ಟು ನೋಡಿದರೆ 49. ಗೋಡೆಯ ಮೇಲೆ 64.

ಹಾಗಾಗಿ ಮೊದಲು ಹೀಟರ್ ಕೊಳ್ಳಬೇಡಿ. ಹತ್ತು ಡಾಲರ್‌ನ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ರಾತ್ರಿಯ ಅತಿ ಕಡಿಮೆ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವಂಥದ್ದು ಸಿಗುತ್ತದೆ. ಅದನ್ನು ಬೆಲ್ಲಳ ಹಾಸಿಗೆಯ ಅಂಚಿನಲ್ಲಿ, ಅವಳ ಮೂಗಿನ ಎತ್ತರದಲ್ಲಿ ಇಡಿ. ಇನ್ನು ಮುಂದೆ ನಿಮಗೆ ಲೆಕ್ಕಕ್ಕಿರುವುದು ಆ ಸಂಖ್ಯೆ ಮಾತ್ರ. ಗ್ರೇಹೌಂಡ್‌ಗೆ ಅಲ್ಲಿ 65 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 18 ಸೆಲ್ಸಿಯಸ್ ಇದ್ದರೆ ನಾನು ನಿಶ್ಚಿಂತೆಯಿಂದ ಮಲಗುತ್ತೇನೆ. ಹಾಸಿಗೆ ಚೆನ್ನಾಗಿದ್ದು ಮೈಮೇಲೆ ಅಂಗಿ ಇದ್ದರೆ 58, 60 ಆದರೂ ನಡೆಯುತ್ತದೆ. ನಾಯಿ ಮಾರುವವರು, ಪ್ರದರ್ಶನಕ್ಕೆ ಇಡುವವರು ಪಾಲಿಸಬೇಕಾದ ಅಮೆರಿಕದ ಕೇಂದ್ರ ಸರ್ಕಾರದ ನಿಯಮವೊಂದಿದೆ. ಚಳಿಗೆ ಹೊಂದಿಕೊಳ್ಳದ, ಗಿಡ್ಡ ಕೂದಲಿನ, ವಯಸ್ಸಾದ ಅಥವಾ ಕಾಯಿಲೆಯ ನಾಯಿಗಳಿರುವ ಕಡೆ 50 ಡಿಗ್ರಿಗಿಂತ ಕೆಳಗೆ ಹೋಗಬಾರದು ಅಂತ. ಅದು ಕಾನೂನಿನ ಕಟ್ಟಕಡೆಯ ಗೆರೆ. ಮನೆಮಗಳಿಗೆ ಆ ಲೆಕ್ಕ ಹಾಕಬೇಡಿ.

ಗ್ರೇಹೌಂಡ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಲ್ಲ ನಾಯಿಗೂ ಒಂದೇ ಮಾತು ಹೇಳುವ ಸಲಹೆಗಳು ನಿಮಗೆ ಕೆಲಸಕ್ಕೆ ಬರುವುದಿಲ್ಲ. ಹಸ್ಕಿ ನಾಯಿಗೆ ಎರಡು ಪದರ ಕೂದಲು, ಒಳಗಡೆ ಹತ್ತಿಯಂಥ ದಟ್ಟ ತುಪ್ಪಳ. ಅದು ಹಿಮದ ಮೇಲೆ ಸುರುಳಿ ಸುತ್ತಿ ಮಲಗುತ್ತದೆ. ನಿಮ್ಮ ಬೆಲ್ಲಳಿಗೆ ಒಂದೇ ಪದರ, ಅದೂ ತೆಳ್ಳಗೆ. ಚರ್ಮ ತೆಳು, ಚರ್ಮದ ಕೆಳಗೆ ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಾಲು ಉದ್ದ, ಹೊಟ್ಟೆ ಒಳಗೆ, ಮೈ ಹಗುರ. ಶಾಖ ಕಳೆದುಕೊಳ್ಳುವುದಕ್ಕೇ ಮಾಡಿದ ಮೈ ಅದು. ಓಡುವಾಗ ಅದೇ ವರ, ಮಲಗಿದಾಗ ಅದೇ ಶಾಪ. ನಮ್ಮ ಮುಧೋಳದ ಬೇಟೆನಾಯಿ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಕಟ್ಟು. ಆದರೆ ಬಾಗಲಕೋಟೆ ಸೀಮೆಯ ಡಿಸೆಂಬರ್ ಚಳಿ ಎಂದರೆ 14-15 ಸೆಲ್ಸಿಯಸ್ ಆಸುಪಾಸು. ಮೋಅಬ್‌ನಲ್ಲಿ ಆ ಹೊತ್ತಿಗೆ ರಾತ್ರಿ 20 ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ 6-7 ಸೆಲ್ಸಿಯಸ್ ಕೆಳಗೆ. ಅಲಮೋಸಾದಲ್ಲಂತೂ ಚಳಿಗಾಲದ ರಾತ್ರಿ ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯುವುದು ದೊಡ್ಡ ಸುದ್ದಿಯೇ ಅಲ್ಲ. ಸೆಲ್ಸಿಯಸ್ ಲೆಕ್ಕದಲ್ಲಿ ಅದು ಮೈನಸ್ 18.

ಒಂದು ಅಡ್ಡಮಾತು. ಮನೆಯೊಳಗೂ ಬೆಲ್ಲ ಸದಾ ಚಳಿ ಚಳಿ ಅಂತಿದ್ದರೆ ಯಾರಾದರೂ ವೈದ್ಯರು ಥೈರಾಯ್ಡ್ ಪರೀಕ್ಷೆ ಮಾಡಿಸಿ, "ಕಡಿಮೆ ಇದೆ, ಮಾತ್ರೆ ಕೊಡಿ" ಅನ್ನಬಹುದು. ಗ್ರೇಹೌಂಡ್‌ಗಳಲ್ಲಿ ಥೈರಾಯ್ಡ್ ಹಾರ್ಮೋನ್ ಮಟ್ಟ ಬೇರೆ ತಳಿಗಳಿಗಿಂತ ಕಡಿಮೆ ಇರುವುದೇ ಸಹಜ. ಮಾತ್ರೆ ಶುರು ಮಾಡುವ ಮೊದಲು ಇದನ್ನು ಕೇಳಿ.

ಈಗ ಹಾಸಿಗೆ. ನನ್ನ ಕೇಳಿದರೆ ನಿಮ್ಮ ದುಡ್ಡು, ಸಮಯ ಎಲ್ಲ ಇಲ್ಲಿಗೇ ಹೋಗಬೇಕು. ಮೊದಲನೆಯದಾಗಿ ಹಾಸಿಗೆ ನೆಲಕ್ಕೆ ತಾಗಬಾರದು. ಬಟ್ಟೆಯ ಮಂಚದ ಹಾಗಿರುವ, ಆರೇಳು ಅಂಗುಲ ಎತ್ತರದ ನಾಯಿ ಮಂಚ ಸಿಗುತ್ತದೆ. ಆದರೆ ಬರೀ ಮಂಚ ಇಟ್ಟರೆ ಅದರ ಕೆಳಗೆ ತಣ್ಣನೆ ಗಾಳಿ ಆಡುತ್ತದೆ, ಬೇಸಿಗೆಗೆ ಮಾಡಿದ್ದು ಅದು. ಮಂಚದ ಕೆಳಗೆ, ನೆಲದ ಮೇಲೆ ಒಂದು ಫೋಮ್ ಹಲಗೆ ಹಾಕಿ. ಮಕ್ಕಳ ಆಟದ ಕೋಣೆಗೆ ಹಾಸುವ ಒಂದಕ್ಕೊಂದು ಜೋಡಿಸುವ ಫೋಮ್ ಚೌಕಗಳಾದರೂ ಸರಿ. ಮಂಚದ ಮೇಲೆ ನಾಲ್ಕು ಅಂಗುಲದ ಗಟ್ಟಿ ಫೋಮ್ ಹಾಸಿಗೆ. ಗ್ರೇಹೌಂಡ್‌ನ ಮೊಣಕೈ, ಸೊಂಟದ ಮೂಳೆಗೆ ಮೆತ್ತೆ ಇಲ್ಲದ ಕಾರಣ ತೆಳು ಹಾಸಿಗೆಯಲ್ಲಿ ಹುಣ್ಣಾಗುತ್ತದೆ, ಅದಕ್ಕೂ ಇದು ಬೇಕು. ಅದರ ಮೇಲೆ ಉಣ್ಣೆ.

ಅತ್ತೆಯವರು ಊರಿಂದ ಕುರಿ ಕಂಬಳಿ ತಂದಿದ್ದಾರಾ? ಚಳ್ಳಕೆರೆ ಕಡೆಯ ಕಪ್ಪು ಕಂಬಳಿ ಇದ್ದರೆ ನಾಲ್ಕು ಮಡಿಕೆ ಮಾಡಿ ಹಾಸಿ. ಚುಚ್ಚುತ್ತದೆ ಅನ್ನಿಸಿದರೆ ಮೇಲೊಂದು ಫ್ಲೀಸ್ ಹೊದಿಕೆ. ಉಣ್ಣೆಯ ದೊಡ್ಡ ಗುಣ ಏನೆಂದರೆ, ಸ್ವಲ್ಪ ಒದ್ದೆಯಾದರೂ ಶಾಖ ಹಿಡಿದಿಡುತ್ತದೆ. ಹತ್ತಿ ರಜಾಯಿ ಒದ್ದೆಯಾದರೆ ಮುಗಿಯಿತು, ತಣ್ಣನೆ ಹಿಟ್ಟಿನ ಮುದ್ದೆ. ಟ್ರೇಲರ್‌ನಲ್ಲಿ ಒದ್ದೆ ಆಗಿಯೇ ಆಗುತ್ತದೆ. ನಿಮ್ಮ ಉಸಿರು, ಅಡುಗೆಯ ಹಬೆ, ಹಿಮ ಮೆತ್ತಿಕೊಂಡ ಬೂಟು, ಎಲ್ಲ ಸೇರಿ ಕಿಟಕಿಯಲ್ಲಿ ನೀರಿಳಿಯುತ್ತದೆ. ಹಾಸಿಗೆಯನ್ನು ಹೊರಗೋಡೆಗೆ ಒರಗಿಸಿ ಇಡಬೇಡಿ, ಗೋಡೆಯ ನೀರು ಅದಕ್ಕೇ ಇಳಿಯುತ್ತದೆ. ನಾಲ್ಕು ಬೆರಳು ಜಾಗ ಬಿಡಿ. ಬಾಗಿಲ ಹತ್ತಿರವಂತೂ ಬೇಡವೇ ಬೇಡ.

ಹೊದಿಸುವುದರ ವಿಷಯ. ನಾಯಿಗೆ ಹೊದಿಸಿದ ಕಂಬಳಿ ಹತ್ತು ನಿಮಿಷದಲ್ಲಿ ಕೆಳಗೆ ಬಿದ್ದಿರುತ್ತದೆ. ಅದಕ್ಕೆ ಮೈಗೆ ಹಾಕುವ ಅಂಗಿಯೇ ಒಳ್ಳೆಯದು. ಗ್ರೇಹೌಂಡ್‌ಗಳಿಗೆಂದೇ ನಾಲ್ಕು ಕಾಲಿನ ಫ್ಲೀಸ್ ಪೈಜಾಮ ಹೊಲಿದು ಮಾರುವವರಿದ್ದಾರೆ. ನೋಡಲು ನಗು ಬರುತ್ತದೆ, ನಗಿ, ಆದರೆ ಹಾಕಿ. ಕುತ್ತಿಗೆ, ಕಿವಿ ಮುಚ್ಚುವ ನೂಲಿನ ಕೊಳವೆಯಂಥದ್ದೂ ಸಿಗುತ್ತದೆ. ಹೊರಗೆ ಹೋಗಿ ಬಂದ ಕೋಟು ಬೇರೆ, ಮಲಗುವ ಅಂಗಿ ಬೇರೆ. ಹಿಮದಲ್ಲಿ ನೆನೆದ ಕೋಟಿನಲ್ಲೇ ಮಲಗಿಸಿದರೆ ಅಂಗಿ ಇಲ್ಲದಿರುವುದಕ್ಕಿಂತ ಕಡೆ.

ಬಿಸಿ ಪ್ಯಾಡ್ ಹಾಕಬಹುದು, ನಾಯಿಗೆಂದು ಮಾಡಿದ್ದನ್ನು ಮಾತ್ರ. ಅವು ನಾಯಿಯ ಮೈಶಾಖದ ಹತ್ತಿರಕ್ಕೆ, ಅಂದರೆ ಸುಮಾರು 102 ಡಿಗ್ರಿಗೆ ನಿಲ್ಲುತ್ತವೆ. ಸೊಂಟ ನೋವಿಗೆ ನೀವು ಇಟ್ಟುಕೊಳ್ಳುವ ಪ್ಯಾಡ್ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ವಯಸ್ಸಾದ ನಾಯಿ ಸುಟ್ಟರೂ ಬೇಗ ಜಾಗ ಬಿಟ್ಟು ಏಳುವುದಿಲ್ಲ. ಹಾಗೆ ಸುಟ್ಟ ಚರ್ಮ ಕೆಲವು ದಿನ ಕಳೆದ ಮೇಲೆ ಸುಲಿದು ಬಂದಿದ್ದನ್ನು ನಾನು ಚಿಕಿತ್ಸೆ ಮಾಡಿದ್ದೇನೆ, ನೋಡಲಾಗುವುದಿಲ್ಲ. ಪ್ಯಾಡ್ ಹಾಸಿಗೆಯ ಅರ್ಧ ಭಾಗಕ್ಕೆ ಮಾತ್ರ ಇರಲಿ, ಬೇಡವಾದರೆ ಅವಳು ಪಕ್ಕಕ್ಕೆ ಸರಿಯಬೇಕು. ಕರೆಂಟ್ ಇಲ್ಲದ ಕಡೆ, ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಕಾಲುಚೀಲ ತೊಡಿಸಿ ಬೆನ್ನ ಹಿಂದೆ ಇಟ್ಟರೆ ಮೂರ್ನಾಲ್ಕು ಗಂಟೆ ಆರಾಮ.

ಫರ್ನೇಸ್ ವಿಷಯಕ್ಕೆ ಬರೋಣ. ನೀವು ಕೇಳಿದ್ದು ಜಾಸ್ತಿ ಮಾಡಬೇಕಾ ಅಂತ. ನಾನು ಹೇಳುವುದು, ಬೆಳಗಿನ ಜಾವ ನಾಲ್ಕಕ್ಕೂ ಅದು ಓಡುತ್ತಿರುತ್ತದೆಯಾ ಅಂತ ಮೊದಲು ನೋಡಿ. ಟ್ರೇಲರ್‌ನ ಫರ್ನೇಸ್‌ಗೆ ಎರಡು ಊಟ ಬೇಕು. ಉರಿಯಲು ಪ್ರೊಪೇನ್, ಬಿಸಿ ಗಾಳಿ ತಳ್ಳುವ ಬ್ಲೋವರ್‌ಗೆ 12 ವೋಲ್ಟ್ ಬ್ಯಾಟರಿ. ಗ್ಯಾಸ್ ಎಲ್ಲರಿಗೂ ನೆನಪಿರುತ್ತದೆ. ಬ್ಯಾಟರಿ ಯಾರಿಗೂ ನೆನಪಿರುವುದಿಲ್ಲ.

ಲೆಕ್ಕ ಹಾಕೋಣ, ಕಷ್ಟದ್ದೇನಲ್ಲ. ನಿಮ್ಮ ಅಳತೆಯ ಟ್ರೇಲರ್‌ನಲ್ಲಿ ಗಂಟೆಗೆ 30,000 ಬಿಟಿಯು (ಶಾಖ ಅಳೆಯುವ ಮಾನ) ಉರಿಸುವ ಫರ್ನೇಸ್ ಇದೆ ಅಂದುಕೊಳ್ಳಿ. 20 ಪೌಂಡ್ ಸಿಲಿಂಡರ್‌ನಲ್ಲಿ ಸುಮಾರು 4,30,000 ಬಿಟಿಯು ಶಾಖ ಇರುತ್ತದೆ. ನಿಲ್ಲದೆ ಉರಿದರೆ 14 ಗಂಟೆ. ಡಿಸೆಂಬರ್‌ನ ಚಳಿ ರಾತ್ರಿ 13 ಗಂಟೆ ಅಂತ ಹಿಡಿದು, ಅದರಲ್ಲಿ ಅರ್ಧ ಹೊತ್ತು ಉರಿಯಿತು ಅಂದರೆ ರಾತ್ರಿಗೆ 9 ಪೌಂಡ್ ಗ್ಯಾಸ್. ಒಂದು ಸಿಲಿಂಡರ್ ಎರಡು ರಾತ್ರಿಗೆ ಬರುತ್ತದೆ. ಇನ್ನು ಬ್ಲೋವರ್. ಅದು ಸುಮಾರು 7 ಆಂಪ್ ಎಳೆಯುತ್ತದೆ. ಆರೂವರೆ ಗಂಟೆಗೆ 45 ಆಂಪ್-ಅವರ್. ಗ್ಯಾಸ್ ಅಲಾರಂ, ಫ್ರಿಜ್‌ನ ಬೋರ್ಡ್, ಒಂದು ದೀಪ ಸೇರಿಸಿದರೆ 55. ಹಳೆಯ ಟ್ರೇಲರ್‌ಗಳ ಮುಂದೆ ಸಾಮಾನ್ಯವಾಗಿ ಕೂತಿರುವುದು 80 ಆಂಪ್-ಅವರ್‌ನ ಒಂದು ಲೆಡ್-ಆಸಿಡ್ ಬ್ಯಾಟರಿ. ಅದರಲ್ಲಿ ಕೆಡದಂತೆ ಬಳಸಬಹುದಾದದ್ದು ಅರ್ಧ, 40. ಚಳಿಗೆ ಅದೂ ಕುಗ್ಗುತ್ತದೆ. ಗೊತ್ತಾಯಿತಲ್ಲ? ಗ್ಯಾಸ್ ತುಂಬಾ ಇರುತ್ತದೆ, ಫರ್ನೇಸ್ ಸುಮ್ನಾಗಿರುತ್ತದೆ. ಅದೂ ರಾತ್ರಿಯ ಅತಿ ಚಳಿಯ ಹೊತ್ತಿನಲ್ಲಿ, ನೀವು ಗಾಢ ನಿದ್ದೆಯಲ್ಲಿರುವಾಗ. ನೀವು ರಜಾಯಿಯೊಳಗಿದ್ದೀರಿ, ನಿಮಗೆ ಎಚ್ಚರ ಆಗುವುದಿಲ್ಲ. ಎಚ್ಚರ ಆಗುವುದು ನಾಯಿಗೆ. ಅಕ್ಟೋಬರ್‌ನಲ್ಲಿ ನೀವು ನೋಡಿದ 66 ನೀವೇ ಇಟ್ಟ ಅಂಕಿಯಷ್ಟೇ ಆಗಿದ್ದರೆ ನಿಮಗೆ ಆಗಿದ್ದೂ ಇದೇ ಇರಬಹುದು, ಎದ್ದಾಗ ಫರ್ನೇಸ್ ಸದ್ದು ಇತ್ತಾ ನೆನಪು ಮಾಡಿಕೊಳ್ಳಿ.

ಅದಕ್ಕೇ ಎರಡೂ ಊರಲ್ಲಿ ಹುಕ್‌ಅಪ್, ಅಂದರೆ ಟ್ರೇಲರ್‌ಗೆ ಕರೆಂಟ್ ಸಿಕ್ಕಿಸುವ ವ್ಯವಸ್ಥೆ ಇರುವ ಕ್ಯಾಂಪ್‌ಗ್ರೌಂಡ್ ಹಿಡಿಯಿರಿ. ಆರ್ಚಸ್ ಒಳಗಿನ ಡೆವಿಲ್ಸ್ ಗಾರ್ಡನ್ ಕ್ಯಾಂಪ್‌ಗ್ರೌಂಡ್ ಬಹಳ ಚೆಂದ, ಆದರೆ ಅಲ್ಲಿ ಹುಕ್‌ಅಪ್ ಇಲ್ಲ. ಬೆಲ್ಲ ಜೊತೆಗಿರುವ ಈ ಪ್ರವಾಸಕ್ಕೆ ಮೋಅಬ್ ಊರಿನ ಖಾಸಗಿ ಜಾಗವೇ ಸರಿ. ಹುಕ್‌ಅಪ್ ಇಲ್ಲದೆ ಇರಲೇಬೇಕು ಅಂದರೆ ಎರಡನೇ ಬ್ಯಾಟರಿ ಬೇಕು. ಲಿಥಿಯಂ ಹಾಕಿಸುವುದಾದರೆ ಒಂದು ತಿಳಿದಿರಲಿ, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು. ಒಳಗೆ ಬೆಚ್ಚಗಿರುವ ಕಡೆ ಇಡಬೇಕು, ಇಲ್ಲಾ ತನ್ನದೇ ಹೀಟರ್ ಇರುವ ಲಿಥಿಯಂ ಬೇಕು.

ಹುಕ್‌ಅಪ್ ಸಿಕ್ಕರೆ ಸಣ್ಣ ಎಲೆಕ್ಟ್ರಿಕ್ ಹೀಟರ್ ಹಾಕಬಹುದು. 1,500 ವಾಟ್‌ನ ಹೀಟರ್ ಹನ್ನೆರಡೂವರೆ ಆಂಪ್ ಎಳೆಯುತ್ತದೆ, ನಿಮ್ಮ ಟ್ರೇಲರ್‌ನದು 30 ಆಂಪ್ ಸಂಪರ್ಕ ಇದ್ದೀತು. ಹೀಟರ್ ಜೊತೆ ಮೈಕ್ರೋವೇವ್, ಕೂದಲು ಒಣಗಿಸುವ ಯಂತ್ರ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಎಣ್ಣೆ ತುಂಬಿದ ರೇಡಿಯೇಟರ್ ಥರದ್ದು ನನಗಿಷ್ಟ. ಕೆಂಪಗೆ ಕಾಯುವ ಕಂಬಿ ಇಲ್ಲ, ಬಾಲ ತಾಗಿದರೂ ಬೆಂಕಿ ಹತ್ತುವ ಭಯ ಕಡಿಮೆ. ಉರುಳಿದರೆ ತಾನೇ ಆರುವಂಥದ್ದೇ ಇರಲಿ. ಎಕ್ಸ್‌ಟೆನ್ಶನ್ ವೈರಿಗೆ ಸಿಕ್ಕಿಸಬೇಡಿ. ಇದನ್ನು ಹಾಕಿದಾಗ ಫರ್ನೇಸ್ ಪೂರ್ತಿ ನಿಲ್ಲಿಸಿಬಿಡಬೇಡಿ. ಎಷ್ಟೋ ಟ್ರೇಲರ್‌ಗಳಲ್ಲಿ ಫರ್ನೇಸ್‌ನ ಬಿಸಿ ಗಾಳಿಯೇ ನೆಲದಡಿಯ ನೀರಿನ ಪೈಪುಗಳನ್ನೂ ಕಾಯುವುದು. ಅದನ್ನು ನಿಲ್ಲಿಸಿದರೆ ಮೇಲೆ ಬೆಚ್ಚಗೆ, ಕೆಳಗೆ ಪೈಪ್ ಒಡೆದು ನೀರು.

ಕೈಲಿ ಹಿಡಿದು ಒಯ್ಯುವ ಪ್ರೊಪೇನ್ ಹೀಟರ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ನಾಯಿ ಬೆಕ್ಕು ಇರುವ ಟ್ರೇಲರ್‌ಗೆ ಬೇಡ. ಫರ್ನೇಸ್ ತನ್ನ ಹೊಗೆಯನ್ನು ಗೋಡೆಯ ಆಚೆ ಬಿಡುತ್ತದೆ. ಈ ಹೀಟರ್ ನಿಮ್ಮ ಕೋಣೆಯ ಗಾಳಿಯನ್ನೇ ಉರಿಸಿ, ಹೊಗೆಯನ್ನೂ ಅಲ್ಲೇ ಬಿಡುತ್ತದೆ. ಒಂದು ಪೌಂಡ್ ಪ್ರೊಪೇನ್ ಉರಿದರೆ ಒಂದೂವರೆ ಪೌಂಡ್‌ಗಿಂತ ಜಾಸ್ತಿ ನೀರಾವಿ ಹುಟ್ಟುತ್ತದೆ, ಅದೆಲ್ಲ ಹಾಸಿಗೆಗೇ. ಮೇಲಾಗಿ ಎತ್ತರದ ಜಾಗಗಳಲ್ಲಿ ಆಮ್ಲಜನಕ ಕಡಿಮೆ ಅಂತ ಇವುಗಳಲ್ಲಿ ಕೆಲವು ತಾವಾಗಿಯೇ ಆರಿಹೋಗುತ್ತವೆ. ಅಲಮೋಸಾ ಇರುವುದೇ 7,500 ಅಡಿ ಮೇಲೆ. ಗ್ಯಾಸ್ ಒಲೆಯನ್ನು ಬಿಸಿಗೆಂದು ಉರಿಸುವುದಂತೂ ಬೇಡವೇ ಬೇಡ. ಅಡುಗೆಗೆ ಉರಿಸಿದಾಗಲೂ ಮೇಲಿನ ವೆಂಟ್ ಒಂದು ಬೆರಳಷ್ಟು ತೆರೆದಿರಲಿ.

ಹಳೆಯ ಟ್ರೇಲರ್ ಅಂದಿರಲ್ಲ, ಇವತ್ತೇ ಅಲಾರಂಗಳ ಹಿಂದೆ ಬರೆದಿರುವ ದಿನಾಂಕ ನೋಡಿ. ಕಾರ್ಬನ್ ಮೊನಾಕ್ಸೈಡ್ (ಬೆಂಕಿಯಿಂದ ಹುಟ್ಟುವ, ವಾಸನೆಯಿಲ್ಲದ ವಿಷಗಾಳಿ) ಮತ್ತು ಗ್ಯಾಸ್ ಅಲಾರಂಗಳಿಗೆ ಆಯಸ್ಸು ಇದೆ, ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ. ಟೆಸ್ಟ್ ಗುಂಡಿ ಒತ್ತಿದಾಗ ಕೂಗಿದರೆ ಸದ್ದು ಮಾಡುವ ಭಾಗ ಸರಿಯಿದೆ ಅಂತ ಅರ್ಥ. ಗಾಳಿ ಮೂಸುವ ಭಾಗ ಸತ್ತಿರಬಹುದು. ಗ್ಯಾಸ್ ಅಲಾರಂ ಯಾಕೆ ನೆಲದ ಹತ್ತಿರ ಇರುತ್ತದೆ ಗೊತ್ತಾ? ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಅಂದರೆ ಬೆಲ್ಲ ಮಲಗುವ ಎತ್ತರದಲ್ಲಿ. ಅವಳ ಹಾಸಿಗೆಯನ್ನೋ ಕಂಬಳಿಯನ್ನೋ ಆ ಅಲಾರಂಗೆ ಅಡ್ಡ ಇಡಬೇಡಿ, ಎಷ್ಟೋ ಜನ ತಿಳಿಯದೆ ಇಡುತ್ತಾರೆ. ನೆಲದಲ್ಲಿರುವ ಬಿಸಿ ಗಾಳಿಯ ಕಿಂಡಿಗೂ ಇದೇ ಮಾತು. ಬೆಳಗ್ಗೆ ಎದ್ದಾಗ ನಾಯಿ ತೂರಾಡುತ್ತಿದ್ದರೆ, ವಾಂತಿ ಮಾಡಿದರೆ, ಕರೆದರೂ ಮಂಕಾಗಿದ್ದರೆ ಯೋಚಿಸುತ್ತಾ ನಿಲ್ಲಬೇಡಿ. ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಉಳಿದದ್ದು.

ಟ್ರೇಲರನ್ನೇ ಬೆಚ್ಚಗಿಡುವ ಕೆಲಸ ಚಿಕ್ಕದು. ಕಿಟಕಿಗೆ ಬೆಳ್ಳಿ ಬಣ್ಣದ ಗುಳ್ಳೆ ಹಾಳೆ ಕತ್ತರಿಸಿ ಸಿಕ್ಕಿಸಿ, ಛಾವಣಿಯ ವೆಂಟ್‌ಗಳಲ್ಲಿ ಒಂದು ಬಿಟ್ಟು ಉಳಿದವಕ್ಕೆ ಮೆತ್ತೆ ತುರುಕಿ, ನೆಲಕ್ಕೆಲ್ಲ ರಗ್ಗು ಹಾಸಿ. ಟ್ರೇಲರ್‌ನ ಸುತ್ತ ಕೆಳಗೆ ಗಾಳಿ ನುಗ್ಗದಂತೆ ಫೋಮ್ ಹಲಗೆ ನಿಲ್ಲಿಸುವವರಿದ್ದಾರೆ. ಎರಡು ಮೂರು ರಾತ್ರಿಗೆ ಅಷ್ಟು ಶ್ರಮ ಯಾರು ಪಡುತ್ತಾರೆ. ಗಾಳಿ ಬೀಸುವ ದಿಕ್ಕಿಗೆ ನಿಮ್ಮ ಟ್ರಕ್ಕನ್ನು ಅಡ್ಡ ನಿಲ್ಲಿಸಿದರೂ ಅರ್ಧ ಕೆಲಸ ಆಗುತ್ತದೆ.

ಈಗ ಒಬ್ಬಳನ್ನೇ ಬಿಟ್ಟು ಹೋಗುವ ಪ್ರಶ್ನೆ. ಆರ್ಚಸ್‌ನ ಕಾಲುದಾರಿಗಳಿಗೆ ನಾಯಿಗೆ ಪ್ರವೇಶ ಇಲ್ಲ. ರಸ್ತೆ, ಪಾರ್ಕಿಂಗ್, ಕ್ಯಾಂಪ್‌ಗ್ರೌಂಡ್ ಅಷ್ಟೇ. ಹಾಗಾಗಿ ಬಿಟ್ಟು ಹೋಗುವ ಆಸೆ ಸಹಜ. ಎರಡು ಗಂಟೆ ಬಿಡಬಹುದು, ಅದೂ ಹಗಲಲ್ಲಿ, ಹುಕ್‌ಅಪ್ ಇದ್ದು ಫರ್ನೇಸ್ ಓಡುತ್ತಿದ್ದರೆ. ಎಲೆಕ್ಟ್ರಿಕ್ ಹೀಟರ್ ಆರಿಸಿ ಹೋಗಿ. ಬಿಸಿ ಪ್ಯಾಡ್ ಕೂಡ. ನೀವು ಇಲ್ಲದಾಗ ಅಗ್ಗಿಷ್ಟಿಕೆ ಉರಿಯಬಾರದು ಅಂತ ಅಜ್ಜಿ ಹೇಳುತ್ತಿದ್ದದ್ದು ಇದಕ್ಕೂ ಸಲ್ಲುತ್ತದೆ. ಅವಳ ಅಂಗಿ, ಹಾಸಿಗೆ ಎಷ್ಟು ಚೆನ್ನಾಗಿರಬೇಕೆಂದರೆ, ಫರ್ನೇಸ್ ನಿಂತರೂ ನೀವು ಬರುವ ತನಕ ಅವಳು ತಡೆಯಬೇಕು. ಒಳಗಿನ ಉಷ್ಣತೆ ಇಳಿದರೆ ಫೋನಿಗೆ ಸಂದೇಶ ಕಳಿಸುವ ಸಾಧನಗಳಿವೆ. ಆದರೆ ಬಂಡೆಗಳ ನಡುವೆ ನಿಮ್ಮ ಫೋನಿಗೇ ಸಿಗ್ನಲ್ ಇಲ್ಲದಿದ್ದರೆ ಏನು ಮಾಡುತ್ತೀರಿ? ಅದನ್ನು ನಂಬಿ ಇಡೀ ದಿನದ ನಡಿಗೆ ಹೊರಡಬೇಡಿ. ಕ್ಯಾಂಪ್‌ಗ್ರೌಂಡ್‌ನವರ ನಿಯಮವನ್ನೂ ಕೇಳಿ, ಪ್ರಾಣಿಯನ್ನು ಒಂಟಿಯಾಗಿ ಬಿಡಲು ಎಷ್ಟೋ ಕಡೆ ಬಿಡುವುದಿಲ್ಲ.

ನಾನಾದರೆ ಹೀಗೆ ಮಾಡುತ್ತೇನೆ. ಒಂದು ದಿನ ಮನೆಯವರು ಸರದಿ ಮೇಲೆ ಆರ್ಚಸ್ ನೋಡುವುದು, ಅತ್ತೆ ಜೊತೆ ಬೆಲ್ಲ ಬೆಚ್ಚಗೆ. ಇನ್ನೊಂದು ದಿನ ಎಲ್ಲರೂ ಡೆಡ್ ಹಾರ್ಸ್ ಪಾಯಿಂಟ್ ಸ್ಟೇಟ್ ಪಾರ್ಕ್‌ಗೆ. ಅಲ್ಲಿ ಕಾಲುದಾರಿಯಲ್ಲಿ ಹಗ್ಗ ಹಿಡಿದು ನಾಯಿ ಕರೆದುಕೊಂಡು ಹೋಗಬಹುದು, ಕೊಲೊರಾಡೊ ನದಿ ಕೆಳಗೆ ತಿರುವು ಹಾಕುವುದು ಕಾಣುತ್ತದೆ. ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ನಲ್ಲೂ ಮರಳಿನ ಮೊದಲ ದಿಬ್ಬದವರೆಗೆ ನಾಯಿ ಬರಬಹುದು. ಗ್ರೇಹೌಂಡ್ ಮರಳು ಕಂಡರೆ ಹುಚ್ಚು ಕಟ್ಟುತ್ತದೆ, ಹಗ್ಗ ಬಿಡಬೇಡಿ, ನೀವು ಮತ್ತೆ ಹಿಡಿಯಲಾರಿರಿ. ಅಲಮೋಸಾದ ಆ ಎರಡು ರಾತ್ರಿಗೆ ಮಾತ್ರ ನನ್ನ ಮನಸ್ಸು ಒಪ್ಪುತ್ತಿಲ್ಲ. ಹುಕ್‌ಅಪ್ ಖಾತ್ರಿ ಇಲ್ಲದಿದ್ದರೆ ನಾಯಿಗೆ ಅವಕಾಶ ಇರುವ ಮೋಟೆಲ್ ಹಿಡಿಯಿರಿ, ಟ್ರೇಲರ್ ಹೊರಗೆ ನಿಂತಿರಲಿ.

ದಾರಿಯಲ್ಲಿ ಬೆಲ್ಲ ಟ್ರಕ್ಕಿನೊಳಗೆ ನಿಮ್ಮ ಜೊತೆ ಇರಬೇಕು. ಡೆನ್ವರ್ ಕಡೆಯಿಂದ ಮೋಅಬ್ 350 ಮೈಲಿ, ನಡುವೆ 11,000 ಅಡಿ ಎತ್ತರದ ಐಸೆನ್‌ಹೋವರ್ ಸುರಂಗ, ಆಮೇಲೆ ವೇಲ್ ಪಾಸ್. ಹಿಮ ಬಿದ್ದು ಐ-70 ಹೆದ್ದಾರಿ ಮುಚ್ಚಿದರೆ ಗಂಟೆಗಟ್ಟಲೆ ನಿಂತಲ್ಲೇ ನಿಲ್ಲಬೇಕಾಗುತ್ತದೆ. ಗ್ಯಾಸ್ ಮುಚ್ಚಿದ ಟ್ರೇಲರ್ ಆ ಹೊತ್ತಿಗೆ ಫ್ರಿಜ್ ಆಗಿರುತ್ತದೆ. ಅವಳ ಕಂಬಳಿ, ಕುಡಿಯುವ ನೀರು, ಒಂದು ದಿನದ ಊಟ ಟ್ರಕ್ಕಿನೊಳಗೇ ಇರಲಿ.

ಊಟ ದಿಢೀರ್ ಬದಲಿಸಬೇಡಿ, ಟ್ರೇಲರ್‌ನಲ್ಲಿ ನಾಯಿಗೆ ಭೇದಿ ಹತ್ತಿದರೆ ನಿಮ್ಮ ಪ್ರವಾಸ ಅಲ್ಲಿಗೇ ಮುಗಿಯಿತು. ರಾತ್ರಿ ಮಲಗುವ ಮುಂಚೆ ಅವಳ ಮಾಮೂಲಿ ಊಟದಲ್ಲೇ ಒಂದು ಹಿಡಿ ಜಾಸ್ತಿ, ಬೆಚ್ಚಗಿನ ನೀರಲ್ಲಿ ನೆನೆಸಿ ಕೊಡಿ. ಅತ್ತೆಯವರು ಚಳಿಗೆ ಅಂತ ಅಂಟಿನುಂಡೆ ಮಾಡಿ ತಂದಿದ್ದರೆ ಅದು ನಿಮಗೆ. ಅದರಲ್ಲಿರುವ ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಲ್ಲದು. ಊರ ಕಡೆ ಚಳಿಗೆ ನಡುಗುವ ಮರಿಗೆ ಎರಡು ಹನಿ ಬ್ರಾಂದಿ ಹಾಕುವ ರೂಢಿ ಇತ್ತು, ಅದೂ ಬೇಡ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಇರುವ ಶಾಖವನ್ನೂ ಹೊರಗೆ ಹಾಕುತ್ತದೆ. ನೀರು ಹೆಪ್ಪುಗಟ್ಟದಂತೆ ಪೈಪಿಗೆ ಹಾಕುವ ಗುಲಾಬಿ ಬಣ್ಣದ ಟ್ರೇಲರ್ ಆಂಟಿಫ್ರೀಜ್ ಅಷ್ಟು ವಿಷವಲ್ಲ, ಆದರೂ ನೆಕ್ಕಲು ಬಿಡಬೇಡಿ. ಕಾರಿನ ರೇಡಿಯೇಟರ್‌ನ ಆಂಟಿಫ್ರೀಜ್ ಮಾತ್ರ ಸಿಹಿಯಾಗಿರುವ ಘೋರ ವಿಷ. ಪಾರ್ಕಿಂಗ್‌ನಲ್ಲಿ ನೆಲದ ಮೇಲೆ ಹಸಿರು ನೀರಿನ ಮಡು ಕಂಡರೆ ದೂರ ಎಳೆಯಿರಿ, ನೆಕ್ಕಿದಳು ಅಂತ ಅನುಮಾನ ಬಂದರೂ ಕೂಡಲೇ ಆಸ್ಪತ್ರೆಗೆ ಓಡಿ. ಮದ್ದು ಇದೆ, ಆದರೆ ಮೊದಲ ಕೆಲವು ಗಂಟೆಯೊಳಗೆ ಕೊಟ್ಟರೆ ಮಾತ್ರ.

ಬೆಕ್ಕಿನ ಬಗ್ಗೆ ಎರಡೇ ಮಾತು. ಬೆಕ್ಕಿಗೆ ನಾಯಿಗಿಂತಲೂ ಬಿಸಿ ಇಷ್ಟ, ತನಗೆ ಬೇಕಾದ ಬೆಚ್ಚನೆ ಮೂಲೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ತೊಂದರೆ ಅದೇ. ಫರ್ನೇಸ್ ಹಿಂದಿನ ಸಂದಿಗೋ ಗುಂಡಿ ಒತ್ತಿದರೆ ಹೊರಕ್ಕೆ ಚಾಚಿಕೊಳ್ಳುವ ಕೋಣೆಯ ಭಾಗ, ಅಂದರೆ ಸ್ಲೈಡ್‌ಔಟ್ ಕೆಳಗಿನ ಯಂತ್ರದೊಳಗೋ ನುಗ್ಗಿರುತ್ತದೆ. ನಿಮ್ಮ ಟ್ರೇಲರ್‌ಗೆ ಸ್ಲೈಡ್‌ಔಟ್ ಇದ್ದರೆ, ಗುಂಡಿ ಒತ್ತುವ ಮೊದಲು ಬೆಕ್ಕು ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು. ಎಲ್ಲೋ ಇದ್ದೀತು ಅನ್ನುವುದು ಬೇಡ. ಗ್ರೇಹೌಂಡ್ ಬೇಟೆನಾಯಿ, ಬೆಕ್ಕು ಹೊಸದು, ಜಾಗ ಚಿಕ್ಕದು. ಇಬ್ಬರಿಗೂ ಪರಿಚಯ ಇಲ್ಲದಿದ್ದರೆ ಆ ಬೆಕ್ಕು ಅವರ ಮನೆಯಲ್ಲೇ ಇರಲಿ.

ಕೊನೆಗೆ, ಚಳಿ ಹಿಡಿದಿದೆ ಅಂತ ಹೇಗೆ ತಿಳಿಯುವುದು? ನಡುಕ ಮೊದಲು. ನಡುಗುತ್ತಿದ್ದ ನಾಯಿ ಬಿಸಿ ಸಿಗದೆಯೇ ನಡುಗುವುದು ನಿಲ್ಲಿಸಿ ಮಂಕಾದರೆ, ಸರಿಹೋಯಿತು ಅಂದುಕೊಳ್ಳಬೇಡಿ. ಮೈಗೆ ನಡುಗಲೂ ಶಕ್ತಿ ಉಳಿದಿಲ್ಲ ಅಂತ ಅರ್ಥ. ನಾಯಿಯ ಸಹಜ ಮೈಶಾಖ 101ರಿಂದ 102.5. ಗುದದಲ್ಲಿ ಇಟ್ಟು ನೋಡುವ ಥರ್ಮಾಮೀಟರ್ ಒಂದು ಜೊತೆಗಿರಲಿ. 99ಕ್ಕಿಂತ ಕೆಳಗೆ ಬಂದರೆ ಒಣ ಟವೆಲಿನಿಂದ ಒರೆಸಿ, ಕಂಬಳಿಯಲ್ಲಿ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಎದೆ ಹೊಟ್ಟೆಯ ಪಕ್ಕ ಇಟ್ಟು ನಿಧಾನವಾಗಿ ಕಾಯಿಸಿ. ಕಾಲು ಉಜ್ಜಬೇಡಿ, ಬಿಸಿನೀರಿನ ಸ್ನಾನ ಬೇಡ. ಅರ್ಧ ಗಂಟೆಯಲ್ಲಿ ಏರದಿದ್ದರೆ, ಇಲ್ಲಾ 97ಕ್ಕಿಂತ ಕೆಳಗಿದ್ದರೆ, ಸುತ್ತಿದ ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ. ಮೋಅಬ್ ಮತ್ತು ಅಲಮೋಸಾದಲ್ಲಿ ಪಶುವೈದ್ಯರು ರಜೆಯ ವಾರದಲ್ಲಿ ಎಷ್ಟು ಗಂಟೆಗೆ ಇರುತ್ತಾರೆ ಅಂತ ಹೊರಡುವ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಹೊರಡುವುದಕ್ಕೆ ಒಂದು ವಾರ ಮುಂಚೆ, ಚಳಿ ಜಾಸ್ತಿ ಇರುವ ರಾತ್ರಿ ನೋಡಿಕೊಂಡು, ಅರೋರಾದ ನಿಮ್ಮ ಮನೆ ಮುಂದೆಯೇ ಟ್ರೇಲರ್‌ನಲ್ಲಿ ಮಲಗಿ. ಮನೆಯ ಕರೆಂಟಿಗೆ ಸಿಕ್ಕಿಸಬೇಡಿ, ಬ್ಯಾಟರಿ ಮೇಲೇ ಓಡಲಿ. ನಾಲ್ಕು ಗಂಟೆಗೆ ಅಲಾರಂ ಇಟ್ಟು ಎದ್ದು ಫರ್ನೇಸ್ ಸದ್ದು ಕೇಳಿ, ಬೆಲ್ಲಳ ಕಿವಿ ಮುಟ್ಟಿ ನೋಡಿ. ಏನಾದರೂ ಹೆಚ್ಚುಕಡಿಮೆ ಆದರೆ ಹತ್ತು ಹೆಜ್ಜೆಗೆ ಮನೆ ಇದೆ. ಬೆಳಗ್ಗೆ ನೆಲದ ಥರ್ಮಾಮೀಟರ್ ಎಷ್ಟಕ್ಕೆ ಇಳಿದಿತ್ತು ಅಂತ ನನಗೆ ಬರೆಯಿರಿ. ಅಲಮೋಸಾ ಬಗ್ಗೆ ಆಮೇಲೆ ಮಾತಾಡೋಣ.